ಸೊನ್ನೆ ಒತ್ತಲು ಕಾಯುತ್ತಿದ್ದ ಅಕ್ಕ

ಅಕ್ಕನ ಬಲಗೈ ತೋರುಬೆರಳು ಕೀಲಿಯ ಮೇಲೆ ಕೂರುತ್ತಿರಲಿಲ್ಲ. ಎರಡು ಅಂಗುಲ ಮೇಲೆ, ಗಾಳಿಯಲ್ಲಿ ನಿಂತಿರುತ್ತಿತ್ತು. ಉಗುರಿನ ಸಂದಿಯಲ್ಲಿ ಬೆಳಿಗ್ಗೆ ಪುಂಡಿಪಲ್ಯದ ಸೊಪ್ಪು ಸೋಸಿದ ಹಸಿರು. ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ವರ್ಷಗಟ್ಟಲೆ ಹೊತ್ತು ಎಡಭುಜ ಒಂದಿಷ್ಟು ಕೆಳಗಿಳಿದಿತ್ತು. ಗಾಜಿನ ಆಚೆ ದೊಡ್ಡ ಡಾಕ್ಟರು, ನರ್ಸುಗಳು, ಮೇಜಿನ ಮೇಲಿನ ರೋಗಿ ಎಲ್ಲರೂ ಆ ಬೆರಳಿಗಾಗಿ ಕಾಯಬೇಕಿತ್ತು. ಅಕ್ಕ ಮಾತ್ರ ಯಾರ ಅವಸರಕ್ಕೂ ಸೊಪ್ಪು ಹಾಕುತ್ತಿರಲಿಲ್ಲ.

ಹೈದರಾಬಾದಿನ ಒಂದು ಖಾಸಗಿ ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಅವರು ಹಿರಿಯ ಟೆಕ್ನೀಷಿಯನ್. ಕಲಬುರಗಿ ಕಡೆಯವರು, ಅವರ ಅಪ್ಪ ಸರ್ಕಾರಿ ನೌಕರಿಗೆಂದು ಈ ಊರಿಗೆ ಬಂದು ಉಪ್ಪಲ್‌ನಲ್ಲಿ ಮನೆ ಮಾಡಿದ್ದರಂತೆ. ನಾನು ಮೈಸೂರಿನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ "ನಮ್ಮಾಕಿ ಬಂದ್ಲು" ಎಂದು ಪಕ್ಕದ ಕುರ್ಚಿ ಎಳೆದು ಕೂರಿಸಿಕೊಂಡರು. ಅವತ್ತಿನಿಂದ ನಾನು ಅವರಿಗೆ ತಂಗಿ.

ನಮ್ಮ ಕೆಲಸ ಇಷ್ಟು. ಎದೆಬಡಿತ ದಾರಿ ತಪ್ಪಿದವರಿಗೆ ತೊಡೆಯ ರಕ್ತನಾಳದಿಂದ ಒಂದು ಸಣ್ಣ ನಳಿಗೆಯನ್ನು ಹೃದಯದವರೆಗೆ ಕಳಿಸುತ್ತಾರೆ. ಅದಕ್ಕೆ ಕ್ಯಾಥೆಟರ್ ಎನ್ನುತ್ತಾರೆ. ಅದರ ತುದಿಯ ಬಿಸಿಯಿಂದ ಕೆಟ್ಟ ಜಾಗವನ್ನು ಸುಡಬೇಕು. ತುದಿ ಹೃದಯದ ಗೋಡೆಗೆ ಸರಿಯಾಗಿ ತಾಗದಿದ್ದರೆ ಸುಡುವುದಿಲ್ಲ, ಜಾಸ್ತಿ ಒತ್ತಿದರೆ ತೂತು. ಎಷ್ಟು ಒತ್ತುತ್ತಿದೆ ಎಂದು ಹೊಸ ಯಂತ್ರ ಆಗಿಂದಾಗಲೇ ಪರದೆಯ ಮೇಲೆ ತೋರಿಸುತ್ತದೆ. ಹದವಾಗಿದ್ದರೆ ಹಸಿರು, ಮೀರಿದರೆ ಕೆಂಪು. ಆದರೆ ಏನೂ ತಾಗದ ಸ್ಥಿತಿ ಯಾವುದೆಂದು ಯಂತ್ರಕ್ಕೆ ಮೊದಲು ನಾವು ಹೇಳಿಕೊಡಬೇಕು. ತುದಿ ರಕ್ತದಲ್ಲಿ ಬಿಡುವಾಗಿ ತೇಲುವಾಗ ಸೊನ್ನೆಯ ಕೀಲಿ ಒತ್ತಬೇಕು.

ಅಕ್ಕ ಕಾಯುತ್ತಿದ್ದುದು ಅದಕ್ಕೇ. ಎಕ್ಸ್‌ರೇ ಚಿತ್ರವನ್ನು ಎರಡು ಕಡೆಯಿಂದ ನೋಡಿ, ಪರದೆಯ ಮೇಲಿನ ಒತ್ತಡದ ಗೆರೆ ನಡುಗುವುದು ನಿಂತಿತೇ ಎಂದು ನೋಡಿ, ಕೊನೆಗೆ ನನ್ನನ್ನು ಕೇಳುತ್ತಿದ್ದರು: "ತೇಲಾಕತ್ತೈತೇನು, ತಂಗಿ?" ನಾನು ಹೂಂ ಎಂದ ಮೇಲೆಯೇ ಬೆರಳು ಇಳಿಯುತ್ತಿತ್ತು.

"ಗ್ವಾಡಿಗೆ ಆನಿಸಿ ಸೊನ್ನಿ ಒತ್ತಿದ್ರ, ಮಷೀನು ಆ ಒತ್ತಡಾನ ಸೊನ್ನಿ ಅಂತ ತಿಳ್ಕೋತೈತಿ. ಆಮ್ಯಾಲೆ ಎಷ್ಟು ಒತ್ತಿದ್ರೂ ಹಸರು ದೀಪಾನ" ಎನ್ನುತ್ತಿದ್ದರು.

ದೊಡ್ಡ ಡಾಕ್ಟರಿಗೆ ಈ ಕಾಯುವಿಕೆ ಕಂಡರಾಗದು. "ಕ್ಯಾ ಅಮ್ಮಾ, ಶಾಮ್ ತಕ್ ಇಧರೀಚ್ ಬೈಠನಾ ಕ್ಯಾ?" ಸಂಜೆಯವರೆಗೂ ಇಲ್ಲೇ ಕೂರಬೇಕೇನು ಎಂದು ಮೈಕಿನಲ್ಲಿ ರೇಗುತ್ತಿದ್ದರು. ಅಕ್ಕ ತಣ್ಣಗೆ, "ಥೋಡಾ ಪೀಛೆ ಲೇಲೋ ಸಾಬ್" ಎಂದು ನಳಿಗೆಯನ್ನು ಹಿಂದಕ್ಕೆ ಎಳೆಸುತ್ತಿದ್ದರು. ದಿನಕ್ಕೆ ಇನ್ನೊಬ್ಬ ರೋಗಿಯನ್ನು ಮುಗಿಸಬಹುದಿತ್ತು ಎಂಬ ಲೆಕ್ಕ ಯಾರ ತಲೆಯಲ್ಲಿ ಹುಟ್ಟಿತೋ, ಒಂದು ಸೋಮವಾರ ಅಕ್ಕನನ್ನು ಸ್ಟೋರ್ ರೂಮಿಗೆ ಹಾಕಿದರು. ಕಾರಣ, ನಿಧಾನ! ಯಂತ್ರದ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಕೈಗವಸಿನ ಡಬ್ಬಿ ಎಣಿಸುತ್ತ ಕೂರಬೇಕಾಯಿತು. ಅವರ ಕುರ್ಚಿ ನನಗೆ ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಗಿತ್ತು.

ಮೂರನೆಯ ವಾರ ಮೇಜಿನ ಮೇಲೆ ಮಲಗಿದ್ದಾಕೆ ಸುಲ್ತಾನ್ ಬಜಾರಿನ ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವ ಹೆಂಗಸು. ಡಾಕ್ಟರು "ಜಲ್ದಿ ಝೀರೋ ಕರೋ" ಎಂದರು. ಗೆರೆ ಎದೆಬಡಿತದ ಜೊತೆ ನಡುಗುತ್ತಿತ್ತು. ಅಂದರೆ ತುದಿ ಗೋಡೆಗೆ ಆನಿಕೊಂಡಿತ್ತು. ನಾನು ನೋಡಿದೆ. ನೋಡಿಯೂ ಒತ್ತಿದೆ.

ಆಮೇಲೆ ಪರದೆಯ ತುಂಬ ಹಸಿರು. ಸ್ವಲ್ಪ ಹೊತ್ತಿಗೆ ಆಕೆಯ ಬಿಪಿ ಕುಸಿಯಿತು. ಹೃದಯ ತೂತಾಗಿ ಸುತ್ತ ರಕ್ತ ತುಂಬಿತ್ತು. ಎದೆ ತೆರೆದು ಹೊಲಿದು ಜೀವ ಉಳಿಸಿದರು. ಸಂಜೆ ಡಾಕ್ಟರು ನನ್ನ ಮುಂದೆ ಹಾಳೆ ಇಟ್ಟರು: ಇಂಥ ಚಿಕಿತ್ಸೆಯಲ್ಲಿ ಹೀಗಾಗುವುದುಂಟು, ಒತ್ತಡ ಉದ್ದಕ್ಕೂ ಹಸಿರಿನಲ್ಲಿತ್ತು. ನಾನು ಸಹಿ ಹಾಕಿದೆ.

ಮರುದಿನ ಅಕ್ಕ ಸ್ಟೋರಿನಿಂದ ನೆಟ್ಟಗೆ ನನ್ನ ಹತ್ತಿರ ಬಂದರು. ಕೇಳಿದ್ದು ಒಂದೇ ಮಾತು. "ತೇಲಾಕತ್ತಿತ್ತೇನು, ತಂಗಿ?"

ನಾನು ಅಳುತ್ತ, "ಡಾಕ್ಟರು ಒತ್ತು ಅಂದ್ರು ಅಕ್ಕ" ಎಂದೆ.

"ಅವರು ಅಂದ್ರು, ಖರೆ. ಬೆರಳು ಯಾರ್ದು?" ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. "ಮಷೀನಿಗೆ ಸುಳ್ಳು ಕಲಿಸಿ, ಈಗ ಅದನ್ನಽ ಸಾಕ್ಷಿಗೆ ನಿಲ್ಲಸ್ತೀರಿ! ಆಕಿ ಇನ್ನ ಅಂಗಡ್ಯಾಗ ನಿಲ್ಲೂದು ಹ್ಯಾಂಗ? ನಡಿ, ಹೋಗಿ ಹೇಳೂಣು."

ನನ್ನ ಕೈ ಹಿಡಿದು ಮೊದಲು ವಾರ್ಡಿಗೇ ಕರೆದೊಯ್ದರು. ಆಕೆಯ ಗಂಡನ ಮುಂದೆ ನಿಂತಾಗ ನನ್ನ ಬೆನ್ನ ಮೇಲೆ ಅಂಗೈ ಇಟ್ಟರೇ ಹೊರತು ನನ್ನ ಪರವಾಗಿ ಮಾತಾಡಲಿಲ್ಲ. ನಾನೇ ಹರಕುಮುರುಕು ತೆಲುಗಿನಲ್ಲಿ ಎಲ್ಲ ಹೇಳಿದೆ. ಆಮೇಲೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ನಡೆದದ್ದನ್ನು ನಡೆದಂತೆ ಬರೆದೆ. ನನ್ನ ಸಹಿಯ ಕೆಳಗೆ ಅಕ್ಕ ತಾವಾಗಿಯೇ ಒಂದು ಸಾಲು ಸೇರಿಸಿದರು: ಈಕೆಗೆ ಕೆಲಸ ಕಲಿಸಿದವಳು ನಾನು, ನನ್ನನ್ನೂ ಕೇಳಿ.

ಕೇಳಿದರೇ? ಇಲ್ಲ. ಆ ಸಾಲನ್ನೇ ತಪ್ಪೊಪ್ಪಿಗೆ ಎಂದು ಹಿಡಿದು ಅಕ್ಕನನ್ನು ಮನೆಗೆ ಕಳಿಸಿದರು. ಕೀಲಿ ಒತ್ತಿದ ನನ್ನನ್ನು ಇಟ್ಟುಕೊಂಡರು, ಯಂತ್ರ ನಡೆಸಲು ಬೇರೆ ಯಾರೂ ಇರಲಿಲ್ಲ. ಒತ್ತು ಎಂದ ಡಾಕ್ಟರ ಕೂದಲೂ ಕೊಂಕಲಿಲ್ಲ. ಸೀರೆ ಅಂಗಡಿಯಾಕೆಯ ಮುಂದಿನ ಚಿಕಿತ್ಸೆಯನ್ನು ಆಸ್ಪತ್ರೆ ವಹಿಸಿಕೊಂಡಿತು. ಬರೆದುಕೊಟ್ಟಿದ್ದರಿಂದ ಆದ ಒಳ್ಳೆಯದು ಅಷ್ಟೇ. ಆಕೆ ಈಗ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಸೀರೆ ಮಡಚುತ್ತಾಳೆ.

ನಾನು ರಾಜೀನಾಮೆ ಕೊಡುತ್ತೇನೆಂದು ಉಪ್ಪಲ್‌ಗೆ ಹೋದಾಗ ಅಕ್ಕ ಗದರಿದರು. "ನೀನೂ ಬಿಟ್ರ ಅಲ್ಲಿ ತಡಿಯಾಕ ಯಾರ ಅದಾರ? ಸುಮ್ನ ಹೋಗಿ ಕೂಡು." ಆಮೇಲೆ ರೊಟ್ಟಿ ಬಡಿದು ಹಾಕಿದರು.

ಹೋದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ನಾಲ್ಕು ದಿನದ ಜ್ವರ, ಅಷ್ಟೇ. ಆಸ್ಪತ್ರೆಯಿಂದ ಅಂತ್ಯಕ್ರಿಯೆಗೆ ನಾನೊಬ್ಬಳೇ ಹೋಗಿದ್ದೆ. ವಾಪಸ್ಸು ಬಂದ ವಾರದಲ್ಲೇ ನಮ್ಮ ಕೋಣೆಯ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದ ಹಾಳೆಯೊಂದು ಬಂತು: ತುದಿ ತೇಲುತ್ತಿರುವುದನ್ನು ಎರಡು ಕಡೆಯಿಂದ ಖಚಿತಪಡಿಸಿಕೊಂಡು ಸೊನ್ನೆ ಒತ್ತಿ. ಕೆಳಗೆ ದೊಡ್ಡ ಡಾಕ್ಟರ ಹೆಸರು, ಸಹಿ, ಮೊಹರು. ಓದಿ ಮೈಯೆಲ್ಲ ಉರಿದುಹೋಯಿತು.

ಮೊನ್ನೆ ಆ ಹಾಳೆಗೆ ಸಹಿ ಹಾಕಿದ ಅದೇ ಡಾಕ್ಟರು ಮೈಕಿನಲ್ಲಿ "ಜಲ್ದಿ" ಎಂದರು. ಗೆರೆ ನಡುಗುತ್ತಿತ್ತು.

"ಥೋಡಾ ಪೀಛೆ ಲೇಲೋ ಸಾಬ್" ಎಂದೆ.

ಅವರು ಗಾಜಿನಾಚೆಯಿಂದ ಕಣ್ಣು ಕೆಕ್ಕರಿಸಿ ನೋಡಿದರು. ನಾನು ಬೆರಳನ್ನು ಎರಡು ಅಂಗುಲ ಮೇಲೆ ಹಿಡಿದುಕೊಂಡೇ ಕೂತೆ, ಅವರು ಹಿಂದಕ್ಕೆ ಎಳೆಯುವವರೆಗೂ.