ಸಮುದ್ರಕ್ಕೆ ನೀರು ಬಿಡುವ ಹೊತ್ತು

‘ನಿನ್ನ ಗಂಡಗ ಕೇಳವ್ವ, ಈ ಸಮುದ್ರಕ್ಕ ನೀರು ಯಾವಾಗ ಬಿಡ್ತಾರಂತ?’

ಹೀಗೆ ಕೇಳಿದವರು ನಮ್ಮ ಅತ್ತೆ. ಕೇಳಿದ್ದು ತಮ್ಮ ಮಗಳನ್ನು, ಅಂದರೆ ನನ್ನ ಹೆಂಡತಿ ಸುಮಿತ್ರಾಳನ್ನು. ನಾವು ಮೂವರೂ ನಿಂತಿದ್ದು ಗುಜರಾತಿನ ಖಂಬಾತ್ ಎಂಬ ಹಳೆಯ ಬಂದರಿನಲ್ಲಿ. ಎದುರಿಗೆ ಇರಬೇಕಾಗಿದ್ದದ್ದು ಸಮುದ್ರ. ಇದ್ದದ್ದು ಕೆಸರು. ಕಣ್ಣು ಹಾಯುವಷ್ಟು ದೂರ, ನಾಟಿ ಮಾಡಲು ಹದ ಮಾಡಿಟ್ಟ ಗದ್ದೆಯಂಥ ಕೆಸರು!

ಅಳಿಯ ಪಕ್ಕದಲ್ಲೇ ನಿಂತಿರುವಾಗ ಮಗಳನ್ನೇಕೆ ಕೇಳಬೇಕು? ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ, ಅದು ಮರ್ಯಾದೆ. ಹದಿನೆಂಟು ವರ್ಷದಿಂದ ನಮ್ಮಿಬ್ಬರ ಮಾತೆಲ್ಲ ಸುಮಿತ್ರಾಳ ಮೂಲಕವೇ. (ಮೊಬೈಲ್ ಬಂದ ಮೇಲೂ ಅಷ್ಟೇ. ನನ್ನ ನಂಬರಿಗೇ ಫೋನ್ ಮಾಡಿ, ‘ಸುಮಿತ್ರಾನ ಕೈಯಾಗ ಕೊಡಂತ ಹೇಳವ್ವ’ ಅನ್ನುತ್ತಾರೆ. ಹೇಳಬೇಕಾದ ಆ ಅವ್ವ ಯಾರು? ಇವತ್ತಿಗೂ ಗೊತ್ತಾಗಿಲ್ಲ.)

ಇರಲಿ, ಖಂಬಾತಿಗೆ ಬಂದದ್ದು ಹೇಗೆಂದು ಹೇಳುತ್ತೇನೆ.

ನಾನು ಗಂಗಾವತಿಯ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಇಪ್ಪತ್ತೆರಡು ವರ್ಷದಿಂದ ಕಪ್ಪು ಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಸಮುದ್ರ ಬರೆದು, ಖಂಬಾತಿನಲ್ಲಿ ಹಡಗು ನಿಲ್ಲಿಸುತ್ತಾ ಬಂದಿದ್ದೇನೆ. ಅರಬರ ಕುದುರೆ ಇಳಿಸಿದ್ದೇನೆ, ಗುಜರಾತಿನ ಬಟ್ಟೆ ಏರಿಸಿದ್ದೇನೆ. ಒಂದು ದಿನ ಮನೆಯಲ್ಲಿ ಇದೇ ಪಾಠವನ್ನು ಜೋರಾಗಿ ತಯಾರಿ ಮಾಡಿಕೊಳ್ಳುತ್ತಿದ್ದೆ. ಊರಿಂದ ಬಂದಿದ್ದ ಅತ್ತೆ ಒಳಗಿನಿಂದ ಮಗಳ ಕೈಲಿ ಕೇಳಿಸಿದರು: ‘ಅಲ್ಲಿ ಸಮುದ್ರ ಊರಿಗೆ ಹತ್ತಿಕೊಂಡ ಐತೇನು ಕೇಳವ್ವ.’

‘ಊರ ಬಾಗಿಲಿಗೇ ಹಡಗು ಬರ್ತಿದ್ವು ಅಂತ ಹೇಳು!’ ಅಂದೆ ನಾನು. ಮಾಸ್ತರನ ಬಾಯಿಗೆ ಬೀಗ ಎಲ್ಲಿದೆ?

ಅತ್ತೆಯ ಊರು ನವಲಿ. ಕಾಲುವೆಯ ಕಟ್ಟಕಡೆಗೆ, ಎಲ್ಲರೂ ಅನ್ನುವ ಹಾಗೆ ಟೇಲ್ ಎಂಡಿನಲ್ಲಿ ಅವರ ಗದ್ದೆ. ಅಲ್ಲಿ ನೀರು ಹೇಳಿದ ದಿನ ಬಂದದ್ದು ಕಡಿಮೆ, ಆದರೆ ಬಂದ ದಿನ ಅತ್ತೆ ಕಾಲುವೆಗೆ ಹೋಗಿ ಗಂಗಮ್ಮನ ಉಡಿ ತುಂಬದೆ ಇದ್ದದ್ದಿಲ್ಲ. ಹಸಿರು ಖಣ, ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಕೊಬ್ಬರಿ ಬಟ್ಟಲು. ನಲವತ್ತು ವರ್ಷದ ಪದ್ಧತಿ. ಈಗ ಮೊಣಕಾಲು ಮಾತು ಕೇಳುತ್ತಿಲ್ಲ. ಪೂರ್ತಿ ಕೂತುಬಿಡುವ ಮೊದಲು ಒಮ್ಮೆ ಸಮುದ್ರದ ಉಡಿ ತುಂಬಬೇಕೆಂಬುದು ಅವರ ಆಸೆ.

‘ಅದು ಹೊಳಿ ಗಂಡನ ಮನಿ. ಮಗಳ ಗಂಡನ ಮನಿ ಒಮ್ಮೆರ ನೋಡಿ ಬರಬ್ಯಾಡೇನು?’

ನಾನು ಸುಮ್ಮನಿರಬೇಕೋ ಬೇಡವೋ? ‘ನಮ್ಮ ಹೊಳಿ ಪೂರ್ವ ಸಮುದ್ರ ಸೇರ್ತೈತಿ. ಖಂಬಾತ್ ಇರೋದು ಪಶ್ಚಿಮಕ್ಕ ಅಂತ ಹೇಳು’ ಅಂದೆ.

‘ಸಮುದ್ರ ಎಲ್ಲಾ ಒಂದಕ್ಕೊಂದು ಕೂಡ್ಯಾವು ಅಂತ ನಿನ್ನ ಗಂಡನ ಹೇಳ್ಯಾನ. ಬೀಗರ ಮನಿಗೆ ಹಿತ್ತಲ ಬಾಗಿಲಿಂದ ಹೋದ್ರ ಒಳಗ ಕರಕೊಳ್ಳಂಗಿಲ್ಲೇನು?’

ನಾನು ಭೂಪಟ ಮಡಚಿಟ್ಟೆ.

(ಕಾರವಾರ ಹತ್ತಿರವಿತ್ತಲ್ಲ ಎಂದು ನೀವು ಕೇಳುತ್ತೀರಿ. ಸುಮಿತ್ರಾಳೂ ಕೇಳಿದಳು. ಆದರೆ ಖಂಬಾತಿನ ಬಗ್ಗೆ ಅಷ್ಟು ಜಂಬ ಕೊಚ್ಚಿದ ಮೇಲೆ ಕಾರವಾರಕ್ಕೆ ಕರೆದೊಯ್ಯಲು ನನ್ನ ಗತ್ತು ಒಪ್ಪಲಿಲ್ಲ.) ಬೇಸಿಗೆ ರಜೆ ಬಿತ್ತು. ಹುಣ್ಣಿಮೆಯ ದಿನವೇ ಅಲ್ಲಿರಬೇಕು ಎಂದು ಅತ್ತೆ ಪಟ್ಟು ಹಿಡಿದರು. ಗೊಣಗುತ್ತಲೇ ಟಿಕೆಟ್ ಮಾಡಿಸಿದೆ. ಹುಬ್ಬಳ್ಳಿಯಲ್ಲಿ ಗಾಡಿ ಹತ್ತಿ, ಆನಂದ್ ಎಂಬಲ್ಲಿ ಇಳಿದು, ಚಿಕ್ಕದೊಂದು ರೈಲು ಹಿಡಿದು ಖಂಬಾತ್ ಸೇರಿದೆವು. ವಾಪಸು ಹೊರಡುವ ರೈಲು ಅದೇ ದಿನ ಸಂಜೆ ಆರಕ್ಕೆ.

ಊರು ಚೆಂದವಿದೆ. ಕೋಟೆಯ ಗೋಡೆ, ಕೆತ್ತಿದ ಮರದ ಬಾಗಿಲುಗಳ ಓಣಿ, ಬಣ್ಣಬಣ್ಣದ ಅಕೀಕ್ ಕಲ್ಲು ಉಜ್ಜಿ ಮಣಿ ಮಾಡುವವರು. ನಾನು ಕಾಲಿಟ್ಟಲ್ಲೆಲ್ಲ ಪಾಠ ಶುರು ಮಾಡಿದೆ. ಮಧ್ಯಾಹ್ನ ಹನ್ನೆರಡಕ್ಕೆ ಆಟೋದವನು ಹಳೆಯ ಬಂದರಿನ ಮೆಟ್ಟಿಲ ಹತ್ತಿರ ಬಿಟ್ಟ. ಪಾಠ ಅಲ್ಲಿಗೆ ಮುಗಿಯಿತು.

ಆಗ ನೆನಪಾಯಿತು ನೋಡಿ. ಪಾಠದ ಕೊನೆಯಲ್ಲಿ ‘ಮುಂದೆ ಹೂಳು ತುಂಬಿ ಈ ಬಂದರು ಕ್ಷೀಣಿಸಿತು’ ಎಂಬ ಒಂದು ಸಾಲಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಇಪ್ಪತ್ತೆರಡು ವರ್ಷವೂ ಅದನ್ನು ಹಾರಿಸಿದ್ದೆ!

ಅತ್ತೆ ಮೆಟ್ಟಿಲ ಮೇಲೆ ಕೂತರು. ಮಡಿಲಲ್ಲಿ ಉಡಿಯ ಗಂಟು. ಅದರಲ್ಲಿದ್ದದ್ದು ಅವರದೇ ಗದ್ದೆಯ ಅಕ್ಕಿ. ಮುಖ ಸಣ್ಣದಾಗಿತ್ತು. ನನಗೆ ನಿಜಕ್ಕೂ ಸಂಕಟವಾಯಿತು. ಆ ಮೊಣಕಾಲು ಹೊತ್ತು ಎರಡು ದಿನ ಪ್ರಯಾಣ ಮಾಡಿದ ಹೆಂಗಸಿಗೆ ನಾನು ತೋರಿಸಿದ್ದು ರಾಡಿ.

‘ಇಲ್ಲೇ ಇಟ್ಟು ಕೈ ಮುಗಿ ಅಂತ ಹೇಳು. ಇದೂ ಸಮುದ್ರದ ಜಾಗನ’ ಎಂದೆ.

‘ಒಣ ಕಾಲುವ್ಯಾಗ ಯಾರರ ಉಡಿ ತುಂಬ್ತಾರೇನು ಕೇಳವ್ವ.’

ಆಮೇಲೆಯೇ ಬಂದದ್ದು ನಾನು ಮೊದಲು ಹೇಳಿದ ಪ್ರಶ್ನೆ, ನೀರು ಯಾವಾಗ ಬಿಡ್ತಾರೆ ಅಂತ. ನಾನು ನಕ್ಕೆ. ಸಮುದ್ರಕ್ಕೆ ಯಾರಾದರೂ ನೀರು ಬಿಡುತ್ತಾರೆಯೇ? ಗೇಟು ಇದೆಯೇ, ಪಾಳಿ ಇದೆಯೇ? ನಾನು ನಗುತ್ತಿದ್ದಂತೆ ಅತ್ತೆ ಎದ್ದರು. ಅಲ್ಲೇ ಚಹದ ಗಾಡಿ ಇಟ್ಟುಕೊಂಡಿದ್ದ ಮುದುಕನ ಹತ್ತಿರ ಹೋಗಿ ನವಲಿಯ ಹಿಂದಿಯಲ್ಲಿ ಕೇಳಿಯೇಬಿಟ್ಟರು: ‘ಭಾಯಿ, ಪಾನಿ ಕಬ್ ಛೋಡ್ತೇ?’

ಮುದುಕ ನಗಲಿಲ್ಲ. ಸೋಸುತ್ತಿದ್ದ ಚಹದಿಂದ ತಲೆಯನ್ನೂ ಎತ್ತಲಿಲ್ಲ. ‘ಪೌಣೇ ಪಾಂಚ್’ ಅಂದ.

ಪೌಣೇ ಪಾಂಚ್! ನಾಲ್ಕೂ ಮುಕ್ಕಾಲು! ನಾನು ಓಡಿಹೋಗಿ ವಿಚಾರಿಸಿದೆ. ಇಲ್ಲಿ ಭರತ ಇಳಿತ ಜಾಸ್ತಿ, ಇಳಿದಾಗ ನೀರು ಕಣ್ಣಿಗೇ ಕಾಣದಷ್ಟು ದೂರ ಹೋಗುತ್ತದೆ, ಈ ಮೆಟ್ಟಿಲವರೆಗೆ ಬರುವುದು ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಮಾತ್ರ, ನೀವು ಸರಿಯಾದ ದಿನವೇ ಬಂದಿರಿ ಎಂದ.

ಅತ್ತೆ ಮಗಳ ಕಡೆ ತಿರುಗಿದರು. ‘ಪಾಳಿ ಐತಂತ ಹೇಳು ನಿನ್ನ ಗಂಡಗ.’

ಹೇಳುವ ಅಗತ್ಯವಿರಲಿಲ್ಲ.

ನೆರಳು ನೋಡಿ ಕೂತೆವು. ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು, ಮುದುಕನಿಗೂ ಕೊಟ್ಟೆವು. ಆರಕ್ಕೆ ರೈಲು. ನೀರು ಐದೂವರೆಗೆ ಬಂದರೆ? ಬರದೇ ಹೋದರೆ? ಗಡಿಯಾರ ನೋಡಿ ನೋಡಿ ಸಾಕಾಗಿ, ಗೋಡೆಗೊರಗಿ ನಿದ್ದೆ ಹೋದೆ.

‘ಮಾಸ್ತರ್ರ! ಏಳ್ರಿ, ಏಳ್ರಿ! ನೀರು ಬಂತ್ರಿ!’

ದಡಬಡಿಸಿ ಎದ್ದೆ. ಕೂಗಿದ್ದು ಸುಮಿತ್ರಾ ಅಲ್ಲ. ಅತ್ತೆ! ಹದಿನೆಂಟು ವರ್ಷದಲ್ಲಿ ಮೊದಲ ಸಲ, ನನಗೇ, ನೇರವಾಗಿ. (ಸುಮಿತ್ರಾ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.)

ದೂರದಲ್ಲೊಂದು ಬಿಳಿ ಗೆರೆ. ಸುಂಯ್ ಅನ್ನುವ ಸದ್ದು. ಕಾಲುವೆಗೆ ಮೊದಲ ನೀರು ಬರುವಾಗ ಕಸಕಡ್ಡಿ, ನೊರೆ ತಳ್ಳಿಕೊಂಡು ಬರುತ್ತದಲ್ಲ, ಹಾಗೆಯೇ ಬಂತು. ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿದ್ದ ದೋಣಿಯೊಂದು ಮೆಲ್ಲಗೆ ಎದ್ದು ನೆಟ್ಟಗಾಯಿತು. ನೀರು ಕೆಳಗಿನ ಮೆಟ್ಟಿಲು ಮುಟ್ಟಿದಾಗ ಗಡಿಯಾರ ನೋಡಿದೆ. ನಾಲ್ಕು ನಲವತ್ತಾರು. ಒಂದೇ ನಿಮಿಷ ಲೇಟು!

ಒಂದು ಕಡೆ ಮಗಳು, ಇನ್ನೊಂದು ಕಡೆ ನಾನು ಹಿಡಿದುಕೊಂಡು ಅತ್ತೆಯನ್ನು ಇಳಿಸಿದೆವು. ಅರಿಷಿಣ ಕುಂಕುಮ ಹಾಕಿ, ಉಡಿಯ ಸಾಮಾನು ಒಂದೊಂದಾಗಿ ಬಿಟ್ಟರು. ಆಮೇಲೆ ಬಗ್ಗಿ ನೀರಿಗೆ ಕೇಳಿದರು: ‘ಛಲೋ ಅದೀಯೇನವ್ವ? ನಾವು ನವಲಿಯವರು. ನಾವೆಲ್ಲಾ ಛಲೋ ಅದೀವಿ.’

ನನ್ನ ಕಣ್ಣು ತುಂಬಿದವು. ಮುಚ್ಚಿಡುವುದೇನಿದೆ? ನಾನು ಹಲಗೆಯ ಮೇಲೆ ನಿಲ್ಲಿಸಿದ ಹಡಗುಗಳೆಲ್ಲ ಇದೇ ನೀರಿನ ಪಾಳಿ ಕಾದೇ ಒಳಗೆ ಬಂದಿರಬೇಕು ಎಂದು ನನಗೆ ಹೊಳೆದದ್ದು ಆಗಲೇ.

ಸ್ಟೇಷನ್ನಿಗೆ ಆಟೋದಲ್ಲಿ ಹೊರಟಾಗ ಮತ್ತೆ ಮಾಸ್ತರಿಕೆ ಶುರುವಾಯಿತು. ಖಂಬಾತ್ ಇರುವುದು ಕೊಲ್ಲಿಯ ತುತ್ತತುದಿಗೆ, ಇದಕ್ಕಿಂತ ಮುಂದಕ್ಕೆ ಸಮುದ್ರವೇ ಇಲ್ಲ ಎಂದು ವಿವರಿಸಿದೆ.

‘ಹಂಗಾರ ಇದು ಸಮುದ್ರದ ಟೇಲ್ ಎಂಡ್ ಅನ್ರಿ.’

‘ಹೌದ್ರಿ ಅತ್ತಿ.’

ಅತ್ತೆ ತಿರುಗಿ ಬಂದರಿನ ಕಡೆ ನೋಡಿದರು. ಆಮೇಲೆ ಬಹಳ ಬೇಜಾರಿನಿಂದ ಅಂದರು:

‘ತಪ್ಪು ಮಾಡಿದ್ನಿ ನೋಡ್ರಿ ಮಾಸ್ತರ್ರ. ನಿಮ್ಮ ಬದಲಿ ನಮ್ಮ ಕಾಲುವಿ ಇಂಜಿನಿಯರ್‌ನ ಕರಕೊಂಡು ಬರಬೇಕಿತ್ತು!’