ಎರವಲು ಮೂಗಿನಲ್ಲಿ ಹುರಿದ ಸಿಗಡಿ

ನವೆಂಬರ್ ಇಪ್ಪತ್ತೊಂಬತ್ತು, ಶನಿವಾರ. ಸಿಪ್ಪೆ ಸುಲಿದ ಸಿಗಡಿ ನಾನೂರ ಹನ್ನೆರಡು. ಬಂದರಿನ ಬೇಲಿಗೆ ಬೆನ್ನು ಕೊಟ್ಟು ನಿಂತ ಕೂಲಿಕಾರರ ಹೋಟೆಲಿನ ಅಡುಗೆಕೋಣೆಯಲ್ಲಿ, ಬೆಳಗಿನ ಐದು ಗಂಟೆಗೆ, ಇಬ್ಬರು ಹೆಂಗಸರು ಅವನ್ನು ಎಣಿಸಿ ಮುಗಿಸಿದ್ದಾರೆ. ಈಗ ಒಬ್ಬರು ಎರಡೆರಡನ್ನು ಎತ್ತಿ ಮೂಗಿನ ಬಳಿ ಹಿಡಿದು, ಒಳ್ಳೆಯದನ್ನು ಬಲಗಡೆಯ ಪಾತ್ರೆಗೆ ಹಾಕುತ್ತಿದ್ದಾರೆ. ಇನ್ನೊಬ್ಬರು ಸಿಗಡಿಯನ್ನು ನೋಡುತ್ತಿಲ್ಲ. ಮೂಸುತ್ತಿರುವವರ ಮುಖವನ್ನು ನೋಡುತ್ತಿದ್ದಾರೆ.

ನಾಲ್ಕು ಸಿಗಡಿ ತಿಪ್ಪೆಯ ಡಬ್ಬಕ್ಕೆ ಬೀಳುತ್ತವೆ. ಉಳಿದದ್ದು ನಾನೂರ ಎಂಟು. ತಟ್ಟೆಗೆ ಹನ್ನೆರಡರಂತೆ ಮೂವತ್ತನಾಲ್ಕು ತಟ್ಟೆ, ಶೇಷವಿಲ್ಲ.

ಮುಖ ನೋಡುತ್ತ ನಿಂತವರು ಇಲ್ಲಿಯ ಅಡುಗೆಯವರು. ಐವತ್ತಾರು ವರ್ಷದ ಇವರನ್ನು ಬಂದರಿನವರೆಲ್ಲ ಹೊಗೆಯಕ್ಕ ಎನ್ನುತ್ತಾರೆ. ಮೂಸುತ್ತಿರುವವರು ಅವರ ನಾದಿನಿ. ಹೆಸರಿಗೆ ಪಾತ್ರೆ ತೊಳೆಯುವವರು. ಹೊಗೆಯಕ್ಕನಿಗೆ ವಾಸನೆ ತಿಳಿಯುವುದಿಲ್ಲ. ಎರಡು ವರ್ಷದ ಹಿಂದೆ ಬಂದ ಜ್ವರ ಇಳಿಯಿತು, ಮೂಗು ಮರಳಲಿಲ್ಲ. ಅಂದಿನಿಂದ ನಾದಿನಿಯ ಮೂಗನ್ನು ನಂಬಿ ಒಲೆ ಉರಿಯುತ್ತಿದೆ. ಆ ನಾದಿನಿ ಇಂದು ಸಂಜೆಯ ದೋಣಿಗೆ ಹೊರಡುತ್ತಾರೆ. ಐವತ್ತೊಂದನೆಯ ವಯಸ್ಸಿನಲ್ಲಿ, ಹದಿನಾಲ್ಕು ವರ್ಷದ ವೈಧವ್ಯದ ಬಳಿಕ, ಆಚೆ ದಡದ ದೋಣಿ ನಡೆಸುವವರೊಬ್ಬರನ್ನು ಮದುವೆಯಾಗುತ್ತಿದ್ದಾರೆ. ನಾಳೆಯಿಂದ ಒಲೆಯ ಮುಂದೆ ನಿಲ್ಲುವುದೋ ಬಿಡುವುದೋ ಎಂಬುದನ್ನು ಹೊಗೆಯಕ್ಕ ಇಂದೇ ಮಾಲೀಕರಿಗೆ ತಿಳಿಸಬೇಕಾಗಿದೆ.

"ಅತ್ತಿಗೆ, ನನ್ನ ಮುಖ ನೋಡಿ ನೋಡಿ ಸವೆಸಿಬಿಟ್ರಿ. ಅಲ್ಲಿ ಅವರಿಗೂ ಸ್ವಲ್ಪ ಉಳಿಸಿ."

"ನಿನ್ನ ಮುಖ ಯಾರಿಗೆ ಬೇಕೇ? ಮೂಗು ಬಿಚ್ಚಿಟ್ಟು ಹೋಗು, ಮಿಕ್ಕಿದ್ದನ್ನ ದೋಣಿಯವನಿಗೇ ಕೊಡು."

"ಹಾಗೇ ಮಾಡ್ತೀನಿ. ಅವರ ಗೊರಕೆ ಕೇಳಿದ್ರೆ ನಿಮಗೂ ಗೊತ್ತಾಗುತ್ತೆ, ಒಂದು ಮನೆಗೆ ಒಂದು ಮೂಗು ಸಾಕು."

ಇಬ್ಬರೂ ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಒಲೆಯ ಮೇಲಿನ ಕಬ್ಬಿಣದ ಹಲಗೆ ಎರಡು ಮೊಳ ಉದ್ದ. ಅದು ಕಾಯುವವರೆಗೆ ಹೊಗೆಯಕ್ಕ ಮಸಾಲೆ ಕಲಸುತ್ತಾರೆ: ಕಪ್ಪಗೆ ಹುರಿದು ನುಣ್ಣಗೆ ಬೀಸಿದ ಕಾಫಿಪುಡಿ, ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಒಂದು ಚಿಟಿಕೆ ಬೆಲ್ಲದ ಪುಡಿ. ಎಲ್ಲವನ್ನೂ ಮೊದಲು ಎಣ್ಣೆಯಲ್ಲಿ ನೆನೆಸಿ, ಆಮೇಲೆ ಸಿಗಡಿಗೆ ಸವರುತ್ತಾರೆ. ಒಣ ಕಾಫಿಪುಡಿ ಕಾದ ಕಬ್ಬಿಣಕ್ಕೆ ನೇರವಾಗಿ ಬಿದ್ದರೆ ಸುಟ್ಟು ಕಹಿಯಾಗುತ್ತದೆ. ಎಣ್ಣೆಯ ಅಂಗಿ ತೊಟ್ಟು ಬಿದ್ದರೆ ಹೊಗೆಯ ರುಚಿ ಕೊಡುತ್ತದೆ. ಒಮ್ಮೆಗೆ ನಾಲ್ಕು ತಟ್ಟೆಯ ಸಿಗಡಿ ಹಲಗೆಯ ಮೇಲೆ ಸಾಲಾಗಿ ಮಲಗುತ್ತವೆ. ಮೂರು ನಿಮಿಷದೊಳಗೆ ಎಲ್ಲ ಮುಗಿಯಬೇಕು. ಬೇಯುವುದನ್ನು ತಿಳಿಯಲು ಮೂಗು ಬೇಕಾಗಿಲ್ಲ. ಹೊಗೆ ಬೆಳ್ಳಗಿರುವಾಗ ಮಗುಚುತ್ತಾರೆ, ನೀಲಿಗೆ ತಿರುಗುವ ಮುನ್ನ ಇಳಿಸುತ್ತಾರೆ.

"ಕುಡುಗೋಲಿನ ಹಾಗೆ ಬಾಗಿದ್ರೆ ಬೆಂದಿದೆ ಅಂತ. ಉಂಗುರ ಆಯ್ತೋ, ರಬ್ಬರು. ಅದು ಕಣ್ಣಿನ ಕೆಲಸ, ಕಣ್ಣು ಇನ್ನೂ ಇದೆ" ಎನ್ನುತ್ತಾರೆ.

ಕಾಫಿಯೂ ಸಿಗಡಿಯೂ ಕೂಡಿದ್ದು ಯೋಜನೆಯಿಂದಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಹಡಗಿನಿಂದ ಇಳಿಸುವಾಗ ಚೀಲವೊಂದು ಒಡೆದು ಹಸಿ ಕಾಫಿಬೀಜ ರಸ್ತೆಯ ತುಂಬ ಚೆಲ್ಲಿತು. ಹಮಾಲಿ ಮಾಡುತ್ತಿದ್ದ ಅವರ ಗಂಡ ಗುಡಿಸಿದ ಬೀಜವನ್ನು ಪಂಚೆಯಲ್ಲಿ ಕಟ್ಟಿ ತಂದರು. ಸಿಗಡಿ ಹುರಿಯುವ ಹಲಗೆಯ ಮೇಲೆಯೇ ಇವರು ಬೀಜ ಹುರಿಯಲು ಹೋಗಿ, ಉರಿ ಹೆಚ್ಚಾಗಿ ಇದ್ದಿಲು ಮಾಡಿದರು.

"ಕುಡಿಯೋಕೆ ಆಗಲಿಲ್ಲ, ಎಸೆಯೋಕೆ ಮನಸ್ಸು ಬರಲಿಲ್ಲ. ಅವತ್ತು ಮೆಣಸಿನಪುಡಿಯೂ ತಳ ಕಂಡಿತ್ತು. ಇದನ್ನೇ ಬೀಸಿ ಸವರಿದೆ. ನಮ್ಮ ಮನೆಯವರು ತಿಂದು, 'ಇನ್ನೊಂದು ಚೀಲ ಒಡೀಬೇಕಾ?' ಅಂದ್ರು."

ಆ ಗಂಡ ಸತ್ತು ಒಂಬತ್ತು ವರ್ಷವಾಯಿತು. ಸಾಗಿಸುತ್ತಿದ್ದ ಮೂಟೆಗಳ ರಾಶಿ ಜಾರಿ ಮೈಮೇಲೆ ಬಿತ್ತು. ಅಂದಿನಿಂದ ಅತ್ತಿಗೆ, ನಾದಿನಿ ಹಗ್ಗದಂಗಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದಾರೆ. ಎರಡು ಚಾಪೆ, ಒಂದು ಕಿಟಕಿ, ಕಿಟಕಿಯಾಚೆ ಬೇರೊಂದು ಗೋಡೆ. ರಾತ್ರಿಪಾಳಿ ಮುಗಿಸಿ ಬರುವ ಹಮಾಲರಿಗಾಗಿ ಬೆಳಗಿನ ನಾಲ್ಕಕ್ಕೆ ಅಡುಗೆಕೋಣೆಯ ಬೀಗ ತೆರೆಯಬೇಕು. ಹೊಗೆಯಕ್ಕನ ಮುಂಗೈಯಲ್ಲಿ ಎಣ್ಣೆ ಸಿಡಿದ ಕಲೆಗಳಿವೆ. ಇವರ ಬಗ್ಗೆ ಬರೆಯಲು ಬಂದ ನಾನು ಅವನ್ನು ಎಣಿಸಲಿಲ್ಲ.

ಈ ಹೋಟೆಲಿನ ಸಿಗಡಿ ತಲೆ ತೆಗೆದು, ಸುಲಿದು, ಐಸಿನ ಪೆಟ್ಟಿಗೆಯಲ್ಲಿ ಬರುತ್ತದೆ. ತಲೆಯಿದ್ದರೆ ಕಪ್ಪಾಗಿದೆಯೇ ಎಂದು ಕಣ್ಣು ಹೇಳೀತು. ತಲೆಯಿಲ್ಲದೆ ಐಸಿನಲ್ಲಿ ಬಿಳುಚಿದ ಸಿಗಡಿಯ ವಯಸ್ಸು ಹೇಳುವುದು ಮೂಗೊಂದೇ. ಹಾಗಿದ್ದೂ ಕಳೆದ ಫೆಬ್ರವರಿಯಲ್ಲಿ ನಾದಿನಿ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ ಬೆಳಿಗ್ಗೆ, ಹೊಗೆಯಕ್ಕ ಒಬ್ಬರೇ ಪೆಟ್ಟಿಗೆ ತೆರೆದರು. ನೀರು ತಿಳಿಯಾಗಿತ್ತು, ಬೆರಳಿಗೆ ಲೋಳೆ ಹತ್ತಲಿಲ್ಲ. ಎಂದಿನಂತೆ ಮಸಾಲೆ ಸವರಿ ಹುರಿದರು. ಕಾಫಿಯ ಹೊಗೆ ಕೋಣೆಯನ್ನು ತುಂಬಿ, ಮುಚ್ಚಬಾರದ್ದನ್ನೂ ಮುಚ್ಚಿತು.

ಮೊದಲ ಸರದಿಯ ನಾಲ್ಕು ತಟ್ಟೆ ಹೊರಗೆ ಹೋದವು. ಮೂವರು ಬಾಯಿಗಿಟ್ಟು ಉಗುಳಿದರು. ನಾಲ್ಕನೆಯವರು ಗೋದಾಮಿನ ರಾತ್ರಿ ಕಾವಲುಗಾರರು. ಅಷ್ಟರಲ್ಲಾಗಲೇ ಮೂಲೆಯ ಬೆಂಚಿನಲ್ಲಿ ಕುಳಿತು ಹನ್ನೆರಡನ್ನೂ ತಿಂದು ತಟ್ಟೆ ಒರೆಸಿಟ್ಟಿದ್ದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದರು. ಜೀವ ಉಳಿಯಿತು, ಮೂತ್ರಪಿಂಡಕ್ಕೆ ಪೆಟ್ಟು ಬಿತ್ತು, ಕಾವಲಿನ ಕೆಲಸ ಹೋಯಿತು. ಈಗ ಮಗಳ ಮನೆಯ ಜಗಲಿಯಲ್ಲಿ ಕುಳಿತು ಹರಿದ ಗೋಣಿಚೀಲ ಹೊಲಿಯುತ್ತಾರೆ.

ಅವರನ್ನೂ ಕಂಡು ಕೇಳಿದೆ: ನಾಲಿಗೆಗೆ ತಿಳಿಯಲಿಲ್ಲವೇ?

"ತಿಳಿಯದೆ ಏನು, ಮೊದಲನೇ ತುತ್ತಿಗೇ ತಿಳೀತು" ಎಂದರು, ಸೂಜಿಯಿಂದ ಕಣ್ಣೆತ್ತದೆ. "ಆಯಮ್ಮ ಬಾಗಿಲಲ್ಲಿ ನಿಂತು ನೋಡ್ತಾ ಇದ್ರು. ಹತ್ತು ವರ್ಷದಿಂದ ಒಂದು ದಿನ ಕೆಟ್ಟದ್ದು ಹಾಕಿದವರಲ್ಲ. ಎದುರಿಗೇ ಉಗುಳೋಕೆ ಮನಸ್ಸು ಬರಲಿಲ್ಲ."

ಈ ಮಾತು ಹೊಗೆಯಕ್ಕನಿಗೂ ಗೊತ್ತು, ಆಸ್ಪತ್ರೆಯಲ್ಲೇ ಕೇಳಿಸಿಕೊಂಡಿದ್ದಾರೆ. ಮೂಗಿಲ್ಲದ ಸಂಗತಿಯನ್ನು ಅಂದೇ ಮಾಲೀಕರಿಗೂ ಹೇಳಿದರು. ಮಾಲೀಕರು ಕೆಲಸದಿಂದ ತೆಗೆಯಲಿಲ್ಲ. ಕಾಫಿ ಸಿಗಡಿಗೆಂದೇ ಬರುವ ಗಿರಾಕಿಗಳನ್ನು ಕಳೆದುಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ಇದನ್ನೆಲ್ಲ ಬರೆಯಲೇ ಎಂದು ನಾನು ಕೇಳಿದಾಗ ಹೊಗೆಯಕ್ಕ, "ಬರೀರಿ. ತಿಂದವರಿಗೆ ಗೊತ್ತಿರಲಿ" ಎಂದಷ್ಟೇ ಹೇಳಿದರು.

ಒಂಬತ್ತು ಗಂಟೆಗೆ ಮಾಲೀಕರು ಒಳಗೆ ಬರುತ್ತಾರೆ. ಮೂವತ್ತಮೂರು ತಟ್ಟೆ ಖರ್ಚಾಗಿವೆ. ಒಂದು ತಟ್ಟೆಯ ಸಿಗಡಿಯನ್ನು ಹೊಗೆಯಕ್ಕ ಹಸಿಯಾಗಿಯೇ ಬೇರೆ ಇಟ್ಟಿದ್ದಾರೆ.

"ಏನಕ್ಕ, ಏನು ಯೋಚನೆ ಮಾಡಿದ್ರಿ? ಇವಳು ಹೋದರೇನಂತೆ, ನಾಳೆಯಿಂದ ನಾನೇ ಮೂಸ್ತೀನಿ."

"ನೀವು ಕೊಂಡು ತಂದದ್ದನ್ನ ನೀವೇ ಮೂಸಿದ್ರೆ ಎಲ್ಲಾ ತಾಜಾನೇ ಆಗಿರುತ್ತೆ, ಸ್ವಾಮಿ."

ಪಾತ್ರೆ ತಿಕ್ಕುತ್ತಿದ್ದ ನಾದಿನಿ ತಲೆ ಎತ್ತುವುದಿಲ್ಲ. ಹೆಗಲು ಮಾತ್ರ ನಗುತ್ತದೆ. ಮಾಲೀಕರಿಗೆ ಸಿಟ್ಟು ಬರುತ್ತದೆ.

"ಅಷ್ಟೊಂದು ಯಾಕೆ ಹೆದರ್ತೀರಿ? ಒಂದು ಸಲ ಆಗಿದ್ದು. ಸ್ವಲ್ಪ ಹೆಚ್ಚುಕಮ್ಮಿ ಇದ್ರೂ ನಿಮ್ಮ ಕಾಫಿ ಎಲ್ಲಾ ಮುಚ್ಚುತ್ತೆ."

"ಅದಕ್ಕೇ ಬೇಡ ಅನ್ನೋದು." ಹೊಗೆಯಕ್ಕ ಹಲಗೆಯನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದಾರೆ. "ಗೊತ್ತಿದ್ದೂ ಕೆಟ್ಟ ತಟ್ಟೆ ನಾನು ಯಾವತ್ತೂ ಕೊಟ್ಟವಳಲ್ಲ. ಇನ್ನು ಗೊತ್ತಿಲ್ಲದೇನೂ ಕೊಡಲ್ಲ. ಇವಳ ಪಾತ್ರೆ ಕೆಲಸ ನನಗೆ ಕೊಡಿ, ಮಾಡ್ಕೊಂಡಿರ್ತೀನಿ."

"ಪಾತ್ರೆ ತೊಳೆದ್ರೆ ಅರ್ಧ ಸಂಬಳ, ಗೊತ್ತಲ್ಲ?"

"ಗೊತ್ತು."

"ಹಾಗಾದ್ರೆ ನಾಳೆಯಿಂದ ಸಿಗಡೀನೇ ಇಲ್ಲ ಅಂತ ಹೊರಗೆ ಬರೆಸಿಬಿಡ್ತೀನಿ."

"ಬರೆಸಿ."

ಮಾಲೀಕರು ಹೋದ ಮೇಲೆ ನಾದಿನಿ ಕೈ ಒರೆಸಿಕೊಂಡು ಬಂದು ಅತ್ತಿಗೆಯ ಪಕ್ಕದಲ್ಲಿ ನಿಲ್ಲುತ್ತಾರೆ. "ನಾನು ಹೋಗದಿದ್ರೆ..." ಎಂದು ತೊಡಗುತ್ತಾರೆ.

"ಹೋಗೇ ಸುಮ್ನೆ. ನಿನ್ನ ಕಟ್ಟಿಹಾಕಿಕೊಂಡು ನಾನು ಸಿಗಡಿ ಹುರೀಬೇಕಾ? ಇದನ್ನ ಇನ್ನೊಂದು ಸಲ ಮೂಸು."

ಬೇರೆ ಇಟ್ಟ ಹನ್ನೆರಡನ್ನು ನಾದಿನಿ ಈ ಸಲ ಒಂದೊಂದಾಗಿ ಮೂಸುತ್ತಾರೆ. ಹನ್ನೆರಡೂ ಒಳ್ಳೆಯವು. ಹೊಗೆಯಕ್ಕ ಹಲಗೆಯನ್ನು ಮತ್ತೆ ಕಾಯಿಸಿ, ಮಸಾಲೆ ಸವರಿ ಹುರಿಯುತ್ತಾರೆ. ತಟ್ಟೆಯ ಮೇಲೆ ತಟ್ಟೆ ಮುಚ್ಚಿ, ಸೆರಗಿನಲ್ಲಿ ಹಿಡಿದು ಹೊರಡುತ್ತಾರೆ. ಫೆಬ್ರವರಿಯ ನಂತರ ಪ್ರತಿ ಶನಿವಾರ ಇವರು ಹೀಗೆ ಕಾವಲುಗಾರರ ಜಗಲಿಗೆ ಹೋಗಿದ್ದಾರೆ. ಪ್ರತಿ ಶನಿವಾರ ತಟ್ಟೆ ತುಂಬಿಯೇ ಮರಳಿದೆ. ಕಾವಲುಗಾರರು ತಮ್ಮ ಕೈಯಡುಗೆಯನ್ನು ಮತ್ತೊಮ್ಮೆ ತಿಂದರೆ ಸಾಕು ಎಂಬುದು ಹೊಗೆಯಕ್ಕನ ಆಸೆ. ಬೇರೆ ಆಸೆ ಏನಾದರೂ ಇದೆಯೇ ಎಂದು ಕೇಳಿದಾಗ ಅವರಿಗೆ ಯಾವುದೂ ನೆನಪಿಗೆ ಬರಲಿಲ್ಲ.

ನಾನೂ ಹಿಂದೆ ನಡೆಯುತ್ತೇನೆ. ಎರಡು ಗಲ್ಲಿ ದಾಟಿದರೆ ಜಗಲಿ. ಹೊಗೆಯಕ್ಕ ಮುಚ್ಚಳ ತೆಗೆದು ತಟ್ಟೆಯನ್ನು ಚೀಲಗಳ ಪಕ್ಕದಲ್ಲಿ ಇಡುತ್ತಾರೆ. ಇನ್ನೂ ಆವಿ ಏಳುತ್ತಿದೆ.

"ತಾಜಾ ಇದೆ ಅಣ್ಣ. ಅವಳು ಒಂದೊಂದನ್ನೂ ನೋಡಿದ್ದಾಳೆ."

ಕಾವಲುಗಾರರು ಸೂಜಿಯನ್ನು ಚೀಲಕ್ಕೆ ಚುಚ್ಚಿ ನಿಲ್ಲಿಸುತ್ತಾರೆ. ಒಂದು ಸಿಗಡಿಯನ್ನು ಬೆರಳಲ್ಲಿ ಎತ್ತುತ್ತಾರೆ. ಇದುವರೆಗೆ ಅಷ್ಟನ್ನೂ ಮಾಡಿರಲಿಲ್ಲ ಎಂದು ಹೊಗೆಯಕ್ಕ ನನಗೆ ಆಮೇಲೆ ಹೇಳಿದರು. ತುಟಿಯವರೆಗೆ ತಂದು ಕಣ್ಣು ಮುಚ್ಚುತ್ತಾರೆ. ಸಿಗಡಿ ತಟ್ಟೆಗೆ ಮರಳುತ್ತದೆ.

"ಇವತ್ತು ಆಗಲ್ಲ ತಂಗಿ. ಆದ್ರೆ ಆಗುತ್ತೆ ಅನ್ನಿಸ್ತಿದೆ. ಮುಂದಿನ ಶನಿವಾರ ತಗೊಂಡು ಬಾ, ನೋಡೋಣ."

ಹೊಗೆಯಕ್ಕ ತಟ್ಟೆಯನ್ನು ಮುಚ್ಚಿ ಸೆರಗಿನಲ್ಲಿ ಸುತ್ತಿಕೊಳ್ಳುತ್ತಾರೆ.

"ಆಗಲಿ ಅಣ್ಣ" ಎನ್ನುತ್ತಾರೆ.