ತಣ್ಣನೆಯ ಕೈ
ಚೇಳು ಕುಟುಕಿತು ಎಂದು ಯಾರೇ ಬರಲಿ, ಆ ಚಿಕ್ಕ ಆಸ್ಪತ್ರೆಯ ನರ್ಸಮ್ಮ ಮೊದಲು ಹಿಡಿಯುವುದು ಕೈಯನ್ನು. ಕುಟುಕಿದ ಜಾಗ ಎಷ್ಟೇ ಉರಿಯಲಿ, ಕೈ ಬೆಚ್ಚಗಿದ್ದರೆ ಅವಳಿಗೆ ಅರ್ಧ ಸಮಾಧಾನ. ತಣ್ಣಗಾಗಿ ಬೆವೆತಿದ್ದರೆ ವಿಷ ಮೈಗೇರಿದೆ ಎಂದೇ ಲೆಕ್ಕ, ಡಾಕ್ಟರನ್ನು ಕೂಗುತ್ತಾಳೆ.

ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇಟ್ಟಿಗೆ ಎತ್ತುವಾಗ ಕಾಲಿಗೆ ಕುಟುಕಿಸಿಕೊಂಡ ಗಾರೆ ಕೆಲಸದವನೊಬ್ಬ ಬಂದಿದ್ದ. ಕೈ ಹಿಡಿದರೆ ಮಂಜುಗಡ್ಡೆ. ಬೆವರು ಬೇರೆ ತೊಟ್ಟಿಕ್ಕುತ್ತಿತ್ತು. ಅವಳು ಡಾಕ್ಟರನ್ನು ಕೂಗಿದಳು. ಓಡಿಬಂದ ಡಾಕ್ಟರು ನಾಡಿ ಹಿಡಿದು, ಬಿ.ಪಿ. ನೋಡಿ, ಅವನ ಬೆಚ್ಚನೆಯ ಪಾದ ಮುಟ್ಟಿ ನಕ್ಕುಬಿಟ್ಟರು.

"ಏರಿರೋದು ವಿಷ ಅಲ್ಲಮ್ಮ, ನಾಚಿಕೆ. ನೀನು ಕೈ ಬಿಡು, ಸರಿಹೋಗ್ತಾನೆ."

ಅವಳು ಬಿಡಲಿಲ್ಲ. ವರ್ಷದೊಳಗೆ ಅದೇ ಕೈ ಹಿಡಿದು ಸಂಸಾರ ಹೂಡಿದಳು. ಕೂದಲು ನರೆತರೂ ಅವಳು ಮುಟ್ಟಿದರೆ ಅವನ ಕೈ ಬೆವರುತ್ತಿತ್ತು.

"ಇನ್ನೂ ವಿಷ ಇಳಿದಿಲ್ವಾ?" ಎಂದು ಅವಳು ಛೇಡಿಸುತ್ತಿದ್ದಳು.

"ಇಳಿಸ್ಬೇಡ ಕಣೇ," ಎನ್ನುತ್ತಿದ್ದ.

ಕೊನೆಗೆ ಕೈ ಬಿಟ್ಟವನು ಅವನೇ, ತೀರಿಕೊಂಡು ವರ್ಷಗಳಾದವು. ಇವತ್ತಿಗೂ ತಣ್ಣನೆಯ ಒದ್ದೆ ಕೈ ಸಿಕ್ಕಿದೊಡನೆ ಅವಳು ಡಾಕ್ಟರನ್ನು ಕೂಗುತ್ತಾಳೆ. ಆಮೇಲೆ, ಅವನಲ್ಲ ಎಂದು ಗೊತ್ತಿದ್ದೂ ಗೊತ್ತಿದ್ದೂ, ತಲೆಯೆತ್ತಿ ಮುಖ ನೋಡುತ್ತಾಳೆ.